ಆಯ್ತಪ್ಪನವರ ಮೊದಲ ‘ಆಗಲ್ಲ’

ಗ್ರಂಥಾಲಯದ ಗುಮಾಸ್ತರಿಗೆ ಆಯ್ತಪ್ಪ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯಾರು ಏನು ಕೇಳಿದರೂ ಅವರ ಬಾಯಿಂದ ಹೊರಡುತ್ತಿದ್ದುದು ‘ಆಯ್ತು’ ಒಂದೇ. ಎಂಟು ದಿನಕ್ಕೆಂದು ಪಕ್ಕದ ಮನೆಯವರು ಬಿಟ್ಟುಹೋದ ಗಿಳಿ ಇವರ ಮನೆಯಲ್ಲಿ ಎರಡನೇ ವರ್ಷಕ್ಕೆ ಕಾಲಿಟ್ಟಿತ್ತು. ಈಚೆಗೆ ಅದೂ ‘ಆಯ್ತು’ ಅನ್ನಲು ಕಲಿತಿತ್ತು. ಭಾವಮೈದುನನ ಬ್ಯಾಂಡಿನ ಡ್ರಮ್ಮುಗಳು ಮಲಗುವ ಕೋಣೆಯಲ್ಲಿದ್ದವು. ಗಂಡ ಹೆಂಡತಿ ಹಜಾರದಲ್ಲಿ ಮಲಗುತ್ತಿದ್ದರು.

ಡ್ರಮ್ಮುಗಳು ಬಂದ ದಿನವೇ ಹೆಂಡತಿ ಖಾಸಗಿ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಇವರ ಹೆಸರು ಬರೆಸಿದ್ದಳು. ನಾಲ್ಕು ತಿಂಗಳ ಮೇಲೆ ಸರದಿ ಬಂತು. ಅದೂ ಸರಿಯಾದ ಹೊತ್ತಿಗೇ ಬಂತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅರವತ್ತು ವರ್ಷದ ಪತ್ರಿಕೆಗಳು ಧೂಳು ಹೊದ್ದು ಬಿದ್ದಿದ್ದವು. ಅವನ್ನು ಜೋಡಿಸಲು ಒಬ್ಬರು ಎರಡು ವರ್ಷ ಕೆಳಗೆ ಇಳಿಯಬೇಕು, ಗ್ರಂಥಪಾಲಕಿ ಮೇಡಂ ನಿಮ್ಮನ್ನೇ ಕೇಳುವುದು ಖಂಡಿತ ಎಂದು ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಪಿಸುಗುಟ್ಟಿದ್ದ. ಆಯ್ತಪ್ಪನವರೋ, ಒಂದು ನಿಘಂಟು ಕೊಡವಿದರೆ ಹದಿನಾಲ್ಕು ಸಲ ಸೀನುವ ಪ್ರಾಣಿ.

“ಇವತ್ತು ‘ಆಗಲ್ಲ’ ಅನ್ನೋದು ಕಲಿತು ಬನ್ನಿ. ಇಲ್ಲಾಂದ್ರೆ ಗಿಳಿ ಜೊತೆ ನೀವಿರಿ, ನಾನು ಅಕ್ಕನ ಮನೆಗೆ ಹೋಗ್ತೀನಿ,” ಎಂದಳು ಹೆಂಡತಿ.

ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುತ್ತೇನೆಂದು ಆಫೀಸಿನಲ್ಲಿ ಹೇಳಲು ನಾಚಿಕೆಯಾಗಿ, ಹಲ್ಲುನೋವು ಎಂದು ಸುಳ್ಳು ಹೇಳಿ ಅರ್ಧ ದಿನ ರಜೆ ಪಡೆದರು. ಅಲ್ಲೇ ಎಡವಟ್ಟಾಯಿತು. ಬೈಂಡರಿಗೆ ತಿಂಗಳಿಂದ ನಿಜವಾದ ಹಲ್ಲುನೋವು, ಜೊತೆಗೆ ಡಾಕ್ಟರೆಂದರೆ ಪುಕ್ಕಲು. ಒಬ್ಬನೇ ಹೋಗಲು ಧೈರ್ಯವಿಲ್ಲ, ನಾನೂ ಬರುತ್ತೇನೆ ಎಂದ. ಆಯ್ತಪ್ಪನವರು ಏನಂದರೆಂದು ಬೇರೆ ಹೇಳಬೇಕಿಲ್ಲ.

ಹೋಗಬೇಕಿದ್ದ ಕಟ್ಟಡದ ಮೊದಲ ಮಹಡಿಯಲ್ಲಿ ದಂತವೈದ್ಯರು, ಎರಡನೆಯದರಲ್ಲಿ ಮನಶ್ಶಾಸ್ತ್ರಜ್ಞೆ. ಬೈಂಡರ್ ಇವರ ಮೊಣಕೈ ಹಿಡಿದು ಮೊದಲ ಮಹಡಿಗೇ ಎಳೆದು, ಮೊದಲು ನಿಮ್ಮದಾಗಲಿ ಎಂದು ಕುರ್ಚಿಗೆ ತಳ್ಳಿದ. ದಂತವೈದ್ಯರು ಕುಟ್ಟಿ ತಟ್ಟಿ ನೋಡಿ, ಹಲ್ಲೆಲ್ಲ ಗಟ್ಟಿಯಾಗಿವೆ, ಕೊನೆಯದೊಂದು ಮಾತ್ರ ಸ್ವಲ್ಪ ವಾಲಿದೆ, ಹತ್ತು ವರ್ಷದ ಮೇಲೆ ತೊಂದರೆ ಕೊಟ್ಟರೂ ಕೊಡಬಹುದು, ತೆಗೆದುಬಿಡಲೇ ಎಂದು ಕೇಳಿದರು.

“ಆಯ್ತು,” ಎಂದರು ಆಯ್ತಪ್ಪ.

ಇಕ್ಕಳ ಕಂಡದ್ದೇ ತಡ, ಬೈಂಡರ್ ಚಪ್ಪಲಿ ಬಿಟ್ಟು ಓಡಿಹೋದ. ಆಯ್ತಪ್ಪನವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಒಂದು ಕೆನ್ನೆ ಊದಿಸಿಕೊಂಡು ಮೆಟ್ಟಿಲು ಹತ್ತಿದರು.

ಮೇಲೆ ಅವರು ಹೆದರಿದ್ದಂತೆ ಮಂಚವೇನೂ ಇರಲಿಲ್ಲ. ಎರಡು ಕುರ್ಚಿ, ಒಂದು ಮೇಜು, ಕಣ್ಣೊರೆಸಿಕೊಳ್ಳಲು ಕಾಗದದ ಡಬ್ಬಿ. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ, ಐವತ್ತು ನಿಮಿಷ ನಿಮ್ಮದೇ, ಹೇಳಲು ಇಷ್ಟವಿಲ್ಲದ್ದನ್ನು ಹೇಳಬೇಕಾಗಿಲ್ಲ ಎಂದು ಆಕೆ ವಿವರಿಸಿ, ನಿಯಮಗಳ ಹಾಳೆ ಕೊಟ್ಟರು. ಇವರು ಓದದೆಯೇ ಸಹಿ ಹಾಕಿದರು. ತೊಂದರೆ ಏನು ಎಂದಾಗ, ಮಾತು ಹೊರಡದೆ, ಈಗಷ್ಟೇ ಹಲ್ಲು ಕೀಳಿಸಿಕೊಂಡೆ ಎಂದು ಬರೆದು ತೋರಿಸಿದರು.

“ಯಾವ ಹಲ್ಲು ನೋಯ್ತಿತ್ತು?”

‘ಯಾವುದೂ ಇಲ್ಲ’ ಎಂದು ಬರೆದರು. ಆಕೆಗೆ ರೋಗ ಪೂರ್ತಿ ಅರ್ಥವಾಯಿತು.

ಅಭ್ಯಾಸ ಶುರುವಾಯಿತು. ನಾನು ಏನು ಕೇಳಿದರೂ ‘ಆಗಲ್ಲ’ ಅನ್ನಬೇಕು ಎಂದರು. ಪೆನ್ನು ಕೇಳಿದರು, ಇವರು ಕೊಟ್ಟರು. ಕೊಡೆ ಕೇಳಿದರು, ಕೊಟ್ಟರು. ಕೈಗಡಿಯಾರ, ಕನ್ನಡಕ, ಎಡಗಾಲಿನ ಬೂಟು ಒಂದೊಂದಾಗಿ ಮೇಜು ಸೇರಿದವು. ನಲವತ್ತೆಂಟನೇ ನಿಮಿಷಕ್ಕೆ ಮೇಜು ಹರಾಜಿನ ಅಂಗಡಿಯಾಗಿತ್ತು. ಆಕೆ ಬೆವರೊರೆಸಿಕೊಂಡು ದಿನಚರಿ ತೆರೆದರು.

“ಮುಂದಿನ ಮಂಗಳವಾರ ಐದು ಗಂಟೆಗೆ ಬರ್ತೀರಾ?”

ಅಭ್ಯಾಸ ಇನ್ನೂ ನಡೆಯುತ್ತಿದೆ ಎಂದುಕೊಂಡ ಆಯ್ತಪ್ಪನವರು ಹತ್ತಿ ತೆಗೆದು, ಎದ್ದು ನಿಂತು, ಜೀವಮಾನದಲ್ಲೇ ಮೊದಲ ಸಲ ಹೇಳಿದರು: “ಆಗಲ್ಲ.”

ಆಕೆ ಚಪ್ಪಾಳೆ ತಟ್ಟಿದರು. ಈ ‘ಆಗಲ್ಲ’ವನ್ನು ಗೌರವಿಸುವುದು ತಮ್ಮ ಧರ್ಮ, ನೀವು ಸಹಿ ಹಾಕಿದ ನಿಯಮದಂತೆ ಆ ಹೊತ್ತು ಸಾಲಿನಲ್ಲಿರುವ ಮುಂದಿನವರಿಗೆ ಎನ್ನುತ್ತ ಫೋನ್ ಎತ್ತಿಕೊಂಡರು. ಗೆದ್ದ ಖುಷಿಯಲ್ಲಿ ಆಯ್ತಪ್ಪನವರ ಕಿವಿಗೆ ಅದೊಂದೂ ಬೀಳಲಿಲ್ಲ. ಬೂಟು ಮೆಟ್ಟಿ, ಉಳಿದದ್ದನ್ನು ಬಾಚಿಕೊಂಡು, ನೆಲಮಾಳಿಗೆಯ ವಿಷಯ ಇವತ್ತೇ ಇತ್ಯರ್ಥವಾಗಲಿ ಎಂದು ನೇರ ಗ್ರಂಥಾಲಯಕ್ಕೆ ನಡೆದರು.

ಮೇಡಂ ಇವರನ್ನೇ ಕಾಯುತ್ತಿದ್ದರು. ಕೈಯಲ್ಲೊಂದು ಬೀಗದ ಕೈ ಇತ್ತು.

“ನಿಮಗೊಂದು ಗುಟ್ಟು ಹೇಳ್ತೀನಿ. ಯಾರಿಗೂ ಒಂದು ಕೆಲಸ ಹೇಳೋಕೆ ನನಗೆ ಬಾಯೇ ಬರಲ್ಲ. ನೆಲಮಾಳಿಗೆಗೂ ನಾನೇ ಇಳಿಯೋದು ಅಂತ ತೀರ್ಮಾನ ಮಾಡಿದ್ದೆ.”

ಆಯ್ತಪ್ಪನವರಿಗೆ ಕುಣಿಯುವಂತಾಯಿತು. ಮೇಡಂ ಮಾತು ಮುಂದುವರಿಸಿದರು.

“ಇದಕ್ಕೇ ಒಬ್ಬರು ಮನಶ್ಶಾಸ್ತ್ರಜ್ಞೆ ಹತ್ತಿರ ಮೂರು ತಿಂಗಳಿಂದ ಸಾಲಲ್ಲಿದ್ದೆ. ಈಗಷ್ಟೇ ಅವರ ಫೋನ್ ಬಂತು. ಯಾರೋ ಪುಣ್ಯಾತ್ಮರು ಮಂಗಳವಾರ ಐದು ಗಂಟೆ ಬಿಟ್ಟುಕೊಟ್ಟರಂತೆ. ಬರೋದ್ರೊಳಗೆ ಧೈರ್ಯ ಮಾಡಿ ಒಬ್ಬರನ್ನಾದ್ರೂ ಏನಾದ್ರೂ ಕೇಳಿ ನೋಡಿ ಅಂದ್ರು. ನೆಲಮಾಳಿಗೆಗೆ ನೀವು ಹೋಗ್ತೀರಾ?”

ಅವರ ಕಣ್ಣಲ್ಲಿ ನೀರು ತುಂಬಿತ್ತು. ಆಯ್ತಪ್ಪನವರು ಒಳಗೆಲ್ಲ ತಡಕಾಡಿದರು. ಇದ್ದ ಒಂದೇ ಒಂದು ‘ಆಗಲ್ಲ’ ಎರಡನೇ ಮಹಡಿಯಲ್ಲಿ ಖರ್ಚಾಗಿತ್ತು.

“ಆಯ್ತು,” ಎಂದರು. ಅರ್ಧ ವಾಸಿಯಾದಂತಾಯಿತೆಂದು ಮೇಡಂ ಕೈಮುಗಿದರು.

ಮನೆಯಲ್ಲಿ ಹೆಂಡತಿ ಊದಿದ ಕೆನ್ನೆ ನೋಡಿದಳು, ಬೀಗದ ಕೈ ನೋಡಿದಳು.

“ಅಟ್ಟದ ಮೇಲಿಂದ ನನ್ನ ಸೂಟ್‌ಕೇಸ್ ಇಳಿಸಿಕೊಡ್ತೀರಾ?” ಎಂದಳು.

“ಆಯ್ತು,” ಎಂದಿತು ಗಿಳಿ. ಆಯ್ತಪ್ಪನವರು ಆಗಲೇ ಸ್ಟೂಲು ಹತ್ತಿದ್ದರು.