ಹೂವು ಅಂದದ್ದೇ ತಪ್ಪಾಯಿತು

ಮಗಳ ಸಂಬಂಧಕ್ಕಾಗಿ ವರನ ಮನೆಗೆ ಪತ್ರವನ್ನು ತಾವೇ ಬರೆಯುವುದಾಗಿ ಗುರುಪಾದಪ್ಪನವರು ಹಟ ಹಿಡಿದದ್ದು ತೊಂಬತ್ತಾರನೇ ಇಸವಿಯ ಶ್ರಾವಣದಲ್ಲಿ. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ, ಬೆಂಗೇರಿಯಲ್ಲಿ ಸ್ವಂತ ಮನೆ, ತಲೆಯಲ್ಲಿ ಸಾಹಿತ್ಯ. (ಮೂರನೆಯದನ್ನು ಅವರ ಹೆಂಡತಿ ರತ್ನವ್ವ ರೋಗವೆಂದೇ ಕರೆಯುತ್ತಿದ್ದರು.)

"ಹುಡುಗಿ ಬಿ.ಎ. ಓದ್ಯಾಳ, ಛಲೋ ಅದಾಳ, ನೋಡಾಕ ಬರ್ರಿ ಅಂತ ಬರೀರಿ. ಸಾಕು," ಎಂದರು ರತ್ನವ್ವ.

"ನಾ ಏನ್ ಹತ್ತಿ ಅಂಡಗಿ ಕಳಸಾಕತ್ತೇನೇನು, ಹಂಗ ಬರ್ಯಾಕ?" ಎಂದ ಗುರುಪಾದಪ್ಪ, 'ನಮ್ಮ ಉಮಾಶ್ರೀ ಹೂವಿನಂಥವಳು' ಎಂದು ಬರೆದು ಧಾರವಾಡಕ್ಕೆ ಅಂಚೆಗೆ ಹಾಕಿಯೇ ಬಿಟ್ಟರು.

ನಾಲ್ಕನೇ ದಿನ ವರನ ತಾಯಿ ಶರಣವ್ವನವರ ಫೋನು ಬಂತು.

"ಅಣ್ಣಾರ, ಹೂವು ಅಂದ್ರ... ಮುಂಜಾನೆ ಅರಳಿ ಸಂಜೀಕ ಬಾಡತೈತಲ್ರಿ. ಹುಡುಗಿಗೆ ಏನರ ಬ್ಯಾನಿ ಐತೇನ್ರಿ?"

ಗುರುಪಾದಪ್ಪನವರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಛೇ ಛೇ! ಹೂವು ಬ್ಯಾಡ ಬಿಡ್ರಿ. ಹತ್ತಿ ಅನ್ಕೋರಿ. ಹತ್ತಿಯಂಥಾ ಮೆತ್ತನ್ನ ಹುಡುಗಿ!"

"ಹತ್ತಿಗೆ ಲಗೂನ ಬೆಂಕಿ ಹತ್ತತೈತಿ. ಸಿಟ್ಟು ಭಾಳ ಏನ್ರಿ?"

ಗುರುಪಾದಪ್ಪನವರಿಗೆ ಒಂದು ಅನುಮಾನ ಬಂತು. ಹುಬ್ಬಳ್ಳಿಯಲ್ಲಿ ಆಡಿದ ಮಾತು ಧಾರವಾಡ ಮುಟ್ಟುವಷ್ಟರಲ್ಲಿ, ನಡುದಾರಿಯ ನವಲೂರಿನ ಹತ್ತಿರ ಎಲ್ಲೋ ಇಳಿದು ಬೇರೆ ಅರ್ಥ ಹತ್ತಿಸಿಕೊಂಡು ಹೋಗುತ್ತದೆಯೇ? ಅಷ್ಟರಲ್ಲಿ ರತ್ನವ್ವ ಫೋನು ಕಸಿದುಕೊಂಡರು.

"ಅಕ್ಕಾರ, ರವಿವಾರ ಬಂದು ನೀವ ಕಣ್ಣಾರೆ ನೋಡ್ರಿ."

ರವಿವಾರ ವರನನ್ನು ಕರೆದುಕೊಂಡು ಬೀಗರು ಬಂದರು. ಶರಣವ್ವ ಕೇಳಿದ್ದಕ್ಕೆಲ್ಲ ಉಮಾಶ್ರೀ ನೇರವಾಗಿಯೇ ಹೇಳಿದಳು. "ಜ್ವರ ವರ್ಷಕ್ಕೊಮ್ಮಿ ಬರತೈತ್ರಿ. ಸಿಟ್ಟೂ ಬರತೈತ್ರಿ, ಊಟದ ಹೊತ್ತಿಗೆ ಇಳೀತೈತಿ."

ಶರಣವ್ವನವರ ಮುಖ ಅರಳಿತು. ಹುಡುಗಿಯ ಕೈ ಹಿಡಿದು, "ಅಣ್ಣಾರ, ನಮಗ ಒಪ್ಪಿಗಿ. ಇನ್ನ ನಮ್ಮ ಮನಿ ಬೆಳಗಾಕಿ ಇಕೀನ," ಎಂದರು.

ಗುರುಪಾದಪ್ಪನವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಬೆಳಗೋದಂದ್ರ... ನಿಮ್ಮನ್ಯಾಗ ಕೆಲಸದಾಕಿ ಇಲ್ಲೇನ್ರಿ? ಎಲ್ಲಾ ಮುಸುರಿ ಭಾಂಡಿ ನಮ್ಮ ಹುಡುಗೀನ ಬೆಳಗಬೇಕೇನ್ರಿ?"

ರತ್ನವ್ವ ಹಣೆ ಹಣೆ ಬಡಿದುಕೊಂಡರು. ಮೊದಲು ನಕ್ಕದ್ದು ಉಮಾಶ್ರೀ, ಆಮೇಲೆ ವರ. ಕೊನೆಗೆ ಶರಣವ್ವನೂ ನಕ್ಕು, ಕಣ್ಣೊರೆಸಿಕೊಳ್ಳುತ್ತ ಹೇಳಿದರು:

"ಲಗ್ನ ಖಾಯಂ ರೀ ಅಣ್ಣಾರ. ಆದ್ರ ಲಗ್ನಪತ್ರಿಕಿ ಮಾತ್ರ ನಾವ ಬರಸ್ತೇವಿ."

ಗುರುಪಾದಪ್ಪನವರು ಇದಕ್ಕೂ ಏನೋ ಹೇಳಲು ಬಾಯಿ ತೆರೆದರು. ಬೀಗರು ತಂದ ಪೇಢೆಯನ್ನು ರತ್ನವ್ವ ಇಡಿಯಾಗಿ ಆ ಬಾಯಿಗೆ ತುರುಕಿದರು.