ನಾಯಿಗಳಿಗೆ ಟೆಂಟು ಕಲಿಸಿದ್ದು

ಬೆಳಿಗ್ಗೆ ಎಂಟೂವರೆಗೆ ಬಂದ ಒಂದು ಫೋನಿನಿಂದ ಬೀಗದಣ್ಣನ ಆ ದಿನ ಕೆಟ್ಟಿತು.

ಫೋನು ಮಾಡಿದವನು ಕೆರೆದಂಡೆಯ ಶಿಬಿರದ ಮೇಲ್ವಿಚಾರಕ. "ನಾಳೆ ಬರ್ತಿದೀರಲ್ಲ, ಜೊತೇಲಿ ಎರಡು ನಾಯಿ ಅಂತ ಬರೆಸಿದೀರಿ. ಟೆಂಟಲ್ಲಿ ಮಲಗಿ ಅಭ್ಯಾಸ ಇದೆ ತಾನೆ ಅವಕ್ಕೆ?"

"ಓಹೋ, ಧಾರಾಳವಾಗಿದೆ," ಎಂದ ಬೀಗದಣ್ಣ. ಅವನ ನಾಯಿಗಳು ಟೆಂಟು ಎಂಬ ವಸ್ತುವನ್ನೇ ಕಂಡಿರಲಿಲ್ಲ. ಹಾಗೆ ನೋಡಿದರೆ ಅವನೂ ಅಂಗಡಿಯಲ್ಲಿ ಮಡಿಸಿಟ್ಟದ್ದನ್ನು ಮಾತ್ರ ಕಂಡಿದ್ದ.

"ಸರಿ. ನಾಯಿ ಟೆಂಟೊಳಗೇ ಮಲಗಬೇಕು. ಬೊಗಳಿದ್ರೆ ಎಷ್ಟು ಹೊತ್ತಾಗಿದ್ರೂ ಗಂಟುಮೂಟೆ ಕಟ್ಟಿಸ್ತೀವಿ. ಆಮೇಲೆ ಮುಖ ಊದಿಸ್ಕೋಬೇಡಿ."

ಬೀಗದಣ್ಣನ ಕೆಲಸ ಬೀಗ ರಿಪೇರಿ. ಬೀಗದ ಕೈ ಕಳೆದುಕೊಂಡು ಹೊಸಿಲ ಮುಂದೆ ನಿಂತವರಿಗೆಲ್ಲ ಅವನು ದೇವರ ಸಮಾನ. ಅವನ ಹೆಂಡತಿ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸು. ಮದುವೆಯಾಗಿ ಹನ್ನೊಂದು ವರ್ಷವಾದರೂ ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋದದ್ದಿಲ್ಲ. ಅವಳಿಗೆ ರಜೆ ಸಿಕ್ಕಾಗ ನಾಯಿಗಳನ್ನು ನೋಡಿಕೊಳ್ಳುವವರು ಸಿಗುತ್ತಿರಲಿಲ್ಲ. ನಾಯಿಗಳನ್ನು ಬಿಟ್ಟು ಹೊರಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಕೊನೆಗೂ ಎರಡು ದಿನದ ರಜೆ, ನಾಯಿಗಳನ್ನೂ ಸೇರಿಸಿಕೊಳ್ಳುವ ಒಂದು ಜಾಗ, ಎರಡೂ ಕೂಡಿ ಬಂದಿದ್ದವು. ಅವಳು ಆ ದಿನ ಡ್ಯೂಟಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹಾಡು ಗುನುಗಿದ್ದಳು. ಅವಳು ಹಾಡು ಗುನುಗಿದ್ದನ್ನು ಬೀಗದಣ್ಣ ಕೇಳಿ ಎಷ್ಟು ಕಾಲವಾಗಿತ್ತೋ.

ಐದು ಗಂಟೆಗೆ ಅವಳು ಬರುವುದರೊಳಗೆ ನಾಯಿಗಳಿಗೆ ಟೆಂಟು ಕಲಿಸಲೇಬೇಕು ಎಂದು ಅವನು ಅಂಗಡಿಗೆ ರಜೆ ಹಾಕಿದ.

ವಠಾರದ ಅಂಗಳದಲ್ಲಿ ಟೆಂಟನ್ನು ಬಿಚ್ಚಿ ಹರಡಿದಾಗ ಅದು ಗಾಳಿ ಹೋದ ಆನೆಯ ಹಾಗೆ ಬಿದ್ದುಕೊಂಡಿತು. ಕಡ್ಡಿಗಳನ್ನು ಜೋಡಿಸುವಷ್ಟರಲ್ಲಿ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕುತ್ತಿಗೆಗೆ ಸೀಟಿ ಹಾಕಿಕೊಂಡು ಹಾಜರಾದರು. ನಿವೃತ್ತಿಯಾಗಿ ಆರು ವರ್ಷವಾದರೂ ಅವರು ಸ್ನಾನಕ್ಕೆ ಹೋಗುವಾಗ ಮಾತ್ರ ಆ ಸೀಟಿ ತೆಗೆಯುತ್ತಿದ್ದರು.

"ಏನಯ್ಯಾ ಇದು, ಸೊಂಟ ಮುರಿದವನ ಹಾಗೆ ನಿಂತಿದೆ ನಿನ್ನ ಟೆಂಟು! ಹಗ್ಗ ಬಿಗಿ, ಬಿಗಿ!"

ಹಗ್ಗ ಬಿಗಿದದ್ದಾಯಿತು. ಇನ್ನು ನಾಯಿಗಳ ಸರದಿ. ದೊಡ್ಡದಕ್ಕೆ ಸಾಹೇಬ ಎಂದು ಹೆಸರು. ಗಾತ್ರದಲ್ಲಿ ಕರುವಿನಂತಿದ್ದರೂ ಧೈರ್ಯದಲ್ಲಿ ಇಲಿ. ಸಣ್ಣದು ಚಿಟಿಕೆ, ಅದಕ್ಕೆ ಮೈಯೆಲ್ಲ ಗಂಟಲು. ಗಾಳಿಗೆ ಟೆಂಟಿನ ಬಟ್ಟೆ ಪಟಪಟ ಎಂದದ್ದೇ ತಡ, ಸಾಹೇಬ ಅಂಗಳದಲ್ಲಿ ನಿಲ್ಲಿಸಿದ್ದ ಬೀಗದಣ್ಣನ ಕಾರಿನ ಕೆಳಗೆ ಹೊಕ್ಕಿತು. ಚಿಟಿಕೆ ಮೆಟ್ಟಿಲ ಮೇಲೆ ನಿಂತು, ಮನೆಗೆ ಕಳ್ಳ ನುಗ್ಗಿದ್ದಾನೆ ಎಂದು ಇಡೀ ಬೀದಿಗೆ ಸಾರಿತು.

ಬೀಗದಣ್ಣ ಬಿಸ್ಕತ್ತು ಇಟ್ಟ. ಚೆಂಡು ಇಟ್ಟ. ಅವುಗಳ ಹಾಸಿಗೆಯನ್ನೇ ಎಳೆದು ತಂದಿಟ್ಟ. ಚಿಟಿಕೆ ಮಿಂಚಿನಂತೆ ಒಳಗೆ ಹೋಗಿ, ಬಿಸ್ಕತ್ತು ಕಚ್ಚಿಕೊಂಡು ಅಷ್ಟೇ ಬೇಗ ಹೊರಗೆ ಬಂದು, ಅದನ್ನು ತಿಂದು ಮತ್ತೆ ಬೊಗಳಲು ಶುರು ಮಾಡಿತು.

"ನಾಯಿಗೆ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ," ಎಂದರು ಮೇಷ್ಟ್ರು. "ಮಾಡಿ ತೋರಿಸ್ಬೇಕು. ನಾಲ್ಕು ಕಾಲಲ್ಲಿ ನೀನೇ ಒಳಗೆ ಹೋಗು. ಸುರುಟಿಕೊಂಡು ಮಲಗು. ಅವು ಹಿಂದೆ ಬರದಿದ್ರೆ ನನ್ನ ಹೆಸರು ಬದಲಾಯಿಸು."

"ನಂಗೆ ಎರಡೇ ಕಾಲಿರೋದು, ಮೇಷ್ಟ್ರೇ."

"ಕೈ ಏನು ಶೋಕಿಗೆ ಇಟ್ಕೊಂಡಿದೀಯಾ? ಹೂಂ, ನಡಿ!" ಸೀಟಿ ಊದಿಯೇಬಿಟ್ಟರು.

ಬೀಗದಣ್ಣ ಅಂಬೆಗಾಲಿಟ್ಟು ಒಳಗೆ ಹೋದ. ಗಾಳಿಗೆ ಬಟ್ಟೆ ಹಾರದಿರಲಿ ಎಂದು ಮೇಷ್ಟ್ರು ಹೊರಗಿನಿಂದ ಸರ್ರನೆ ಜಿಪ್ಪು ಎಳೆದರು. ಅದು ಅರ್ಧಕ್ಕೆ ಬಟ್ಟೆ ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಯಜಮಾನನನ್ನು ಟೆಂಟೆಂಬ ಆ ಪ್ರಾಣಿ ನುಂಗಿತು ಎಂದು ಸಾಹೇಬನಿಗೆ ಖಾತ್ರಿಯಾಯಿತೋ ಏನೋ, ಜನ್ಮದಲ್ಲಿ ಮೊದಲ ಸಲ ಅದಕ್ಕೆ ಶೌರ್ಯ ಬಂತು. ಕಾರಿನ ಕೆಳಗಿನಿಂದ ಹಾರಿ ಬಂದು ಹಗ್ಗ ಕಚ್ಚಿ ಎಳೆಯಿತು. ಟೆಂಟು ಮಗುಚಿತು. ಒಳಗಿದ್ದವನು ಬಟ್ಟೆಯ ಸಮೇತ ಉರುಳತೊಡಗಿದ.

ಮಹಡಿಯ ಮೇಲೆ ಒಬ್ಬರೇ ಇದ್ದ ಮಹಡಿ ಅಜ್ಜಿ, ನಾಯಿಗಳ ಗಲಾಟೆಗೆ ಕಿಟಕಿಯಿಂದ ಇಣುಕಿದರು. ಅಂಗಳದಲ್ಲಿ ಒಂದು ದೊಡ್ಡ ಹಸಿರು ಮೂಟೆ ಹೂಂಕರಿಸುತ್ತಾ ಹೊರಳುತ್ತಿತ್ತು. ಅಜ್ಜಿ ತಡಮಾಡದೆ, ಬಟ್ಟೆ ಅದ್ದಿದ್ದ ಬಕೆಟ್ಟಿನ ನೀರನ್ನು ಗುರಿಯಿಟ್ಟು ಸುರಿದರು.

"ಅಜ್ಜೀ, ನಾನು! ನಾನು ಒಳಗಿದೀನಿ!" ಎಂದು ಮೂಟೆ ಕಿರುಚಿತು.

"ಅಯ್ಯೋ ನಮ್ಮಪ್ಪ, ನೀನೇನಾ! ಅಲ್ಲಿ ಯಾಕೋ ಹೋದೆ?"

"ಊರಿನ ಬೀಗ ಎಲ್ಲ ತೆಗೀತೀಯ, ಒಂದು ಜಿಪ್ಪು ತೆಗೆಯಕ್ಕಾಗಲ್ವೇನಯ್ಯಾ?" ಎಂದರು ಮೇಷ್ಟ್ರು.

ಬೀಗದಣ್ಣ ಜೇಬಿನಲ್ಲಿದ್ದ ತಂತಿ, ಸೂಜಿ, ಚಿಮಟ ಎಲ್ಲವನ್ನೂ ಆ ಕತ್ತಲಲ್ಲಿ ಪ್ರಯೋಗಿಸಿದ. ಜಿಪ್ಪು ಮಿಸುಕಲಿಲ್ಲ. ಕೊನೆಗೆ ಅಜ್ಜಿ ಒಂದು ತುಂಡು ಮೇಣದಬತ್ತಿ ಹಿಡಿದು, ನೋಯುವ ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಒಪ್ಪಿಸುತ್ತಾ ಕೆಳಗಿಳಿದು ಬಂದರು. ಜಿಪ್ಪಿಗೆ ಮೇಣ ಉಜ್ಜಿದರು. ಅದು ಒಳ್ಳೆ ಮಗುವಿನ ಹಾಗೆ ತೆರೆದುಕೊಂಡಿತು. ಸೋಪಿನ ನೊರೆ ಮೆತ್ತಿಕೊಂಡ ಬೀಗದಣ್ಣ ಹೊರಗೆ ಬಂದು ಕುಕ್ಕರಿಸಿದ.

ಮಧ್ಯಾಹ್ನದ ಬಿಸಿಲಿಗೆ ಒಣಗಲೆಂದು ಟೆಂಟನ್ನು ಮತ್ತೆ ಎತ್ತಿ ಕಟ್ಟಿದರು. ಬಟ್ಟೆ ಒಣಗಿದ ಮೇಲೆ, ಮತ್ತೆ ಮೆಟ್ಟಿಲು ಹತ್ತಲು ಮನಸ್ಸಾಗದ ಅಜ್ಜಿ, "ಒಂದ್ನಿಮಿಷ ನೆರಳಲ್ಲಿ ಕೂತ್ಕೋತೀನಿ," ಎಂದು ಟೆಂಟೊಳಗೆ ಹೋದರು. ಕೂತವರು ಒರಗಿದರು, ಒರಗಿದವರು ಮಲಗಿದರು. ಐದು ನಿಮಿಷದಲ್ಲಿ ಒಳಗಿನಿಂದ ಗೊರಕೆ ಕೇಳಿಬಂತು. ಅಂತಿಂಥ ಗೊರಕೆಯಲ್ಲ, ಹಳೆಯ ಲಾರಿಯೊಂದು ಏರು ಹತ್ತಿ, ಮೇಲೆ ಉಸ್ಸೆಂದು ನಿಂತು, ಮತ್ತೆ ಹತ್ತುವಂಥದ್ದು.

ಚಿಟಿಕೆಯ ಬೊಗಳು ನಿಂತಿತು. ಕಿವಿ ನಿಮಿರಿತು. ಅದು ಮೆಲ್ಲಗೆ ಟೆಂಟಿನೊಳಗೆ ನಡೆದು ಅಜ್ಜಿಯ ಕಾಲ ಬಳಿ ಮುದುಡಿಕೊಂಡಿತು. ಹಿಂದೆಯೇ ಸಾಹೇಬ ಹೋಗಿ ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಉದ್ದಕ್ಕೆ ಬಿದ್ದುಕೊಂಡಿತು. ಬಟ್ಟೆ ಪಟಪಟ ಎಂದರೂ ಎರಡಕ್ಕೂ ಲಕ್ಷ್ಯವಿಲ್ಲ.

ಬೀಗದಣ್ಣ ಬಾಯಿ ತೆರೆದುಕೊಂಡು ನಿಂತ. ಮೇಷ್ಟ್ರು ಮಾತ್ರ ಆಗಲೇ ಮೊಬೈಲು ಹೊರತೆಗೆದಿದ್ದರು. "ರೆಕಾರ್ಡ್ ಮಾಡ್ಕೊಳ್ಳೋಣ! ನಾಳೆ ಅಲ್ಲಿ ಹಾಕಿದ್ರೆ ಮುಗೀತು." ಹತ್ತು ನಿಮಿಷದ ಗೊರಕೆ ಹಿಡಿದರು. ಅಜ್ಜಿಯನ್ನು ಎಬ್ಬಿಸಿ ಹೊರಗೆ ಕೂರಿಸಿ, ಟೆಂಟಿನಲ್ಲಿ ಮೊಬೈಲಿಟ್ಟು ಗೊರಕೆ ಹಾಕಿದರು. ಸಾಹೇಬ ಅದನ್ನು ಮೂಸಿ, ಅಜ್ಜಿಯ ಮುಖ ನೋಡಿ, ಮತ್ತೆ ಮೂಸಿ, ಕಾರಿನ ಕೆಳಗೆ ಹೊಕ್ಕಿತು. ಚಿಟಿಕೆ ಮೊಬೈಲನ್ನು ಕಚ್ಚಿಕೊಂಡು ಹೋಗಿ ಹೂಕುಂಡದಲ್ಲಿ ಹೂತಿತು. ಮಣ್ಣಿನೊಳಗಿನಿಂದ ಸ್ವಲ್ಪ ಹೊತ್ತು ಗೊರಕೆ ಕೇಳುತ್ತಲೇ ಇತ್ತು.

ಐದಕ್ಕೆ ಹೆಂಡತಿ ಬಂದಾಗ ಅಜ್ಜಿ ಮತ್ತೆ ಟೆಂಟೊಳಗೆ ಕೂತಿದ್ದರು, ನಾಯಿಗಳು ಆಸೆಯಿಂದ ಅವರ ಬಾಯನ್ನೇ ನೋಡುತ್ತಿದ್ದವು. ಮೇಷ್ಟ್ರು ಮೊಬೈಲಿನ ಮಣ್ಣು ಒರೆಸುತ್ತಾ ನಡೆದದ್ದನ್ನೆಲ್ಲ ವರದಿ ಒಪ್ಪಿಸಿದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗೋ ಮಾತಲ್ಲಮ್ಮ," ಎಂದರು ಮೇಷ್ಟ್ರು. "ಇವು ದಿನಾ ಮನೇಲಿ ಯಾರದೋ ಗೊರಕೆ ಕೇಳಿ ಮಲಗಿದ ನಾಯಿಗಳು. ಅದಿಲ್ದೆ ಅವಕ್ಕೆ ನೆಮ್ಮದಿ ಇಲ್ಲ. ನಿಮ್ಮಿಬ್ಬರಲ್ಲಿ ಗೊರಕೆ ಹೊಡೆಯೋರು ಯಾರು?"

"ನಾನಂತೂ ಅಲ್ಲಪ್ಪ," ಎಂದಳು ಅವಳು. "ನಾನು ಮಲಗಿದ್ರೆ ಉಸಿರಾಡೋದೂ ಕೇಳಿಸಲ್ಲ."

ಬೀಗದಣ್ಣ ತಟ್ಟನೆ ಹೆಂಡತಿಯ ಕಡೆ ತಿರುಗಿದ. ಹನ್ನೊಂದು ವರ್ಷಗಳಿಂದ, ಹತ್ತು ಗಂಟೆ ಹೊಡೆಯುತ್ತಲೇ ತನ್ನ ಪಕ್ಕದಿಂದ ಏಳುವ, ಕಿಟಕಿಯ ಗಾಜನ್ನೂ ಝುಮ್ಮೆನ್ನಿಸುವ ಆ ಸದ್ದು! ಮದುವೆಯಾದ ಹೊಸದರಲ್ಲಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಿದ್ದ. ಡ್ಯೂಟಿ ಮುಗಿಸಿ ಬಂದ ಅವಳ ಮುಖ ನೋಡಿ ಎರಡು ಸಲವೂ ಮುಚ್ಚಿದ್ದ. ಈಗ ಮೇಷ್ಟ್ರ ಮುಂದೆ ಹೇಳುವುದುಂಟೆ? ನಾಳೆ ಬೀದಿಗೆಲ್ಲ ಸೀಟಿ ಊದಿ ಸಾರುತ್ತಾರೆ.

"ನಾನೇ," ಎಂದ. ಹೇಳುವಾಗ ಅವನಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯೂ ಆಯಿತು. ಹೆಂಡತಿಯ ಮಾನ ಉಳಿಯಿತು, ನಾಳೆ ಅವಳ ಗೊರಕೆಗೆ ನಾಯಿಗಳು ಮಲಗುತ್ತವೆ, ಹೆಸರು ತನ್ನದಾದರೇನು?

"ನೀವಾ! ನಂಗೆ ಗೊತ್ತೇ ಇಲ್ವಲ್ಲ ರೀ!"

"ಗೊತ್ತಾಗೋದು ಹೇಗೆ? ನೀನು ಮಲಗಿರ್ತೀಯಲ್ಲ."

"ಅಯ್ಯಯ್ಯೋ, ಇನ್ಮೇಲೆ ಯಾವಾಗ ಶುರುವಾಗತ್ತೋ ಅಂತ ಕಾಯ್ತಾ ಕಣ್ಣು ಬಿಟ್ಕೊಂಡೇ ಇರ್ತೀನಿ ನಾನು. ಹನ್ನೊಂದು ವರ್ಷಕ್ಕೆ ಸಿಕ್ಕಿರೋ ರಜೆ, ನಿದ್ದೆ ಕೆಡಿಸ್ಕೊಳಕ್ಕಾಗಲ್ಲ. ನೀವು ಕಾರಲ್ಲಿ ಮಲಗಿ."

"ಮತ್ತೆ ನಾಯಿಗಳು?"

"ಅಜ್ಜಿ ಬರ್ತಾರೆ. ವಾರ್ಡಲ್ಲಿ ಅಜ್ಜಿಯಂದಿರ ಗೊರಕೆ ಕೇಳಿ ನಂಗೆ ರೂಢಿ, ಅದು ಜೋಗುಳ ಇದ್ದ ಹಾಗೆ. ಬರ್ತೀರಾ ಅಜ್ಜಿ?"

ಬೀಗದಣ್ಣ ಗಾಬರಿಯಿಂದ ಬಾಯಿ ತೆರೆದ. ಎರಡೇ ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ಅಜ್ಜಿ ಅವನ ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಮಂಡಿ ಹಿಡ್ಕೊಂಡ ಮೇಲೆ ಈ ಬೀದಿ ದಾಟಿಲ್ಲ ಕಣಮ್ಮ ನಾನು. ಕೆರೆ ಅಂದ್ಯಾ? ನಿಜವಾದ ಕೆರೇನಾ? ನೀರು ಕಾಣತ್ತಾ ಕೂತ ಕಡೆಯಿಂದ?"

"ಕಾಲೇ ಅದ್ಕೊಂಡು ಕೂತ್ಕೋಬಹುದು ಅಜ್ಜಿ," ಎಂದು ಅವಳು ಹೇಳುವಾಗ ಅವಳ ಮುಖ ಮದುವೆಯ ದಿನಕ್ಕಿಂತ ಚೆನ್ನಾಗಿತ್ತು.

ಬೀಗದಣ್ಣ ತೆರೆದ ಬಾಯನ್ನು ಮುಚ್ಚಿದ.

ಅಜ್ಜಿ ಸ್ವೆಟರು ಹುಡುಕಲು ಮೇಷ್ಟ್ರ ತೋಳು ಹಿಡಿದು ಮಹಡಿ ಹತ್ತಿದರು. ಹೆಂಡತಿ, "ಐದು ನಿಮಿಷ ಕಾಲು ಚಾಚ್ತೀನಿ ರೀ. ನೀವೂ ಕಾರಲ್ಲಿ ಮಲಗಿ ನೋಡಿ, ಕಾಲು ಹಿಡಿಸತ್ತೋ ಇಲ್ವೋ," ಎಂದು ಟೆಂಟೊಳಗೆ ಹೋದಳು.

ಅವನು ಹಿಂದಿನ ಸೀಟಿನಲ್ಲಿ ಮಂಡಿ ಎದೆಗೆ ಸೇರಿಸಿಕೊಂಡು ಮಲಗಿದ. ಗಾಜು ಏರಿಸಿದ. ಒಳಗೆ ನಿಶ್ಶಬ್ದ. ಹೋಗಲಿ, ಎರಡು ರಾತ್ರಿ ಸದ್ದಿಲ್ಲದೆ ನಿದ್ದೆಯಾದರೂ ಮಾಡಬಹುದು ಎಂದು ಸಮಾಧಾನ ಹೇಳಿಕೊಂಡು ಕಣ್ಣು ಮುಚ್ಚಿದ. ಬೆಳಿಗ್ಗೆಯಿಂದ ಉರುಳಿ, ನೆನೆದು, ದಣಿದ ಮೈ. ಆದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಏನೋ ಕಳೆದುಕೊಂಡವನ ಹಾಗೆ ಕಿವಿ ತಡಕಾಡುತ್ತಿತ್ತು.

ಕೊನೆಗೆ ಎದ್ದು ಕೂತು ಗಾಜು ಇಳಿಸಿದ. ಟೆಂಟಿನಿಂದ ಆ ಸದ್ದು ಆಗಲೇ ಹೊರಟಿತ್ತು. ಸಾಹೇಬ, ಚಿಟಿಕೆ ಎರಡೂ ಯಾರೂ ಕರೆಯದೆಯೇ ಒಳಗೆ ಹೋಗಿ ಸತ್ತಂತೆ ಮಲಗಿದ್ದವು.

"ನಾಳೆ ಕಾರು ಟೆಂಟಿನ ಪಕ್ಕದಲ್ಲೇ ನಿಲ್ಲಿಸಬೇಕು," ಎಂದುಕೊಳ್ಳುವಷ್ಟರಲ್ಲಿ ಬೀಗದಣ್ಣನಿಗೂ ಗಾಢವಾದ ನಿದ್ದೆ ಬಂತು.