ರುಚಿ ಹುಡುಕಿಕೊಂಡು ಇಟಲಿಗೆ ಹೋದ ಭಾವ

ನಮ್ಮ ಭಾವನ ಜೊತೆ ಹೋಟೆಲಿಗೆ ಹೋಗುವವರು ಮನೆಯಲ್ಲಿ ಹೊಟ್ಟೆ ತುಂಬ ಉಂಡುಕೊಂಡೇ ಹೋಗಬೇಕು! ಇದನ್ನು ನಾನು ನಾದಿನಿಯ ಚೇಷ್ಟೆಗೆ ಹೇಳುತ್ತಿಲ್ಲ, ಖಾಲಿ ಹೊಟ್ಟೆಯ ಅನುಭವದಿಂದ ಹೇಳುತ್ತಿದ್ದೇನೆ. ಚಾಮರಾಜನಗರದಲ್ಲಿ ಅರಿಸಿನದ ವ್ಯಾಪಾರ ಮಾಡುವ ಈ ಮಹಾಶಯರಿಗೆ ಒಂದು ಸಿದ್ಧಾಂತವಿದೆ. ಯಾವ ಊರಿಗೆ ಹೋದರೂ ಆ ಊರಿನವರು ಉಣ್ಣುವುದನ್ನೇ ಉಣ್ಣಬೇಕು, ಅವರು ಉಣ್ಣುವ ಕಡೆಯೇ ಉಣ್ಣಬೇಕು. ಬೋರ್ಡು ದೊಡ್ಡದಿದ್ದರೆ ಅಡುಗೆ ಸಣ್ಣದು ಎಂಬುದು ಇದರ ಉಪಸಿದ್ಧಾಂತ.

ಒಮ್ಮೆ ಗುಂಡ್ಲುಪೇಟೆಯಲ್ಲಿ ನಮ್ಮನ್ನು ಮಧ್ಯಾಹ್ನ ಮೂರರ ತನಕ ಬಿಸಿಲಲ್ಲಿ ನಡೆಸಿದರು. ಹೆದ್ದಾರಿಯ ಉದ್ದಕ್ಕೂ ಕೇರಳದ ಪರೋಟ ಇದೆ, ತಮಿಳುನಾಡಿನ ಬಿರಿಯಾನಿ ಇದೆ, ಪಂಜಾಬಿನ ಡಾಬಾ ಇದೆ. ಭಾವ ಒಬ್ಬ ಸಪ್ಲೈಯರನ್ನು ತಡೆದು, "ಅಪ್ಪಾ, ಗುಂಡ್ಲುಪೇಟೇದು ಅಂತ ಏನದೆ ನಿಮ್ಮಲ್ಲಿ?" ಎಂದರು. ಆತ ತಲೆ ಕೆರೆದುಕೊಂಡು, "ಗೋಬಿ ಮಂಚೂರಿ ಅದೆ ಸಾರ್, ಮಾಡೋನು ಇಲ್ಲಿಯವ್ನೇ" ಎಂದ. ಅವತ್ತು ನಾವು ಬಾಳೆಹಣ್ಣು ತಿಂದು ಮನೆಗೆ ಬಂದೆವು.

ಆಗೆಲ್ಲ ಇದು ಬರೀ ಹುಚ್ಚಾಗಿತ್ತು. ಹೋದ ವರ್ಷ ಅಕ್ಕನಿಗೆ ಕೆಟ್ಟ ಜ್ವರ ಬಂತಲ್ಲ, ಆಮೇಲೆ ವ್ರತವೇ ಆಯಿತು. ಜ್ವರ ಬಿಟ್ಟಿತು, ಆದರೆ ಬಿಡುವಾಗ ಅಕ್ಕನ ನಾಲಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ನಮ್ಮಕ್ಕ ಎಂದರೆ ಸಾಮಾನ್ಯಳೇ? ಮದುವೆಮನೆಯ ಪಾಯಸ ಎಲೆಗೆ ಬೀಳುವ ಮೊದಲೇ, "ಏಲಕ್ಕಿ ಹಳೇದು" ಎಂದು ತೀರ್ಪು ಕೊಡುತ್ತಿದ್ದವಳು! ಭಾವ ಮೂವತ್ತು ವರ್ಷ ಆ ತೀರ್ಪುಗಳನ್ನು ಕೇಳಿಕೊಂಡೇ ಉಂಡವರು. ಅಂಥವಳು ಈಗ ಏನು ಕೊಟ್ಟರೂ ಎರಡು ತುತ್ತು ತಿಂದು, "ಚೆನ್ನಾಗದೆ" ಎಂದು ಏಳುತ್ತಿದ್ದಳು. ಸೀದ ಸಾರೂ ಚೆನ್ನಾಗದೆ, ಬೇಯದ ಅನ್ನವೂ ಚೆನ್ನಾಗದೆ. ಅವಳ ರವಿಕೆಗಳೆಲ್ಲ ಸಡಿಲವಾದವು. ನನಗೆ ಒಳಗೊಳಗೇ ಭಯವಾಗಿತ್ತು.

ಡಾಕ್ಟರು, "ತಾನಾಗೇ ಬರುತ್ತೆ, ಕಾಯಬೇಕು" ಎಂದರು. ಕಾಯುವ ಪೈಕಿಯೇ ನಮ್ಮ ಭಾವ? "ನಾಲ್ಗೆ ಮಲಗ್ಬುಟ್ಟದೆ ಅಷ್ಟೆ ಕಣಮ್ಮಿ. ಸರಿಯಾದ ಊರಿನ ಸರಿಯಾದ ಊಟ ಬಿದ್ರೆ ಎದ್ದೇ ಏಳ್ತದೆ. ಇವಳ ಬಾಯಲ್ಲಿ ಒಂದ್ಸಲ 'ಚೆನ್ನಾಗಿಲ್ಲ' ಅನ್ನಿಸ್ಬುಟ್ರೆ ಸಾಕು ನಂಗೆ" ಎಂದು ಹೊರಟೇಬಿಟ್ಟರು.

ಮೊದಲು ಬೇಗೂರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ರೈತರನ್ನು ಹಿಡಿದರು.

"ಯಜಮಾನ್ರೆ, ಈ ಊರಲ್ಲಿ ನೀವು ಎಲ್ಲಿ ಉಣ್ತೀರಿ?"

"ಮನೇಲಿ."

"ಮನೆ ಎಲ್ಲದೆ?"

"ಅಲ್ಲೇ, ಆಚೆ ಬೀದೀಲಿ."

"ಸರಿ, ನಡೀರಿ ಓಗನ!"

ಅರ್ಧ ಗಂಟೆಯಲ್ಲಿ ನಾವು ಮೂವರೂ ಗುರುತು ಪರಿಚಯವಿಲ್ಲದವರ ಪಡಸಾಲೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರಿನ ಮುಂದೆ ಕೂತಿದ್ದೆವು. ನಾಚಿಕೆಯಿಂದ ನನ್ನ ತಲೆ ತಗ್ಗಿತ್ತು, ಖಾರಕ್ಕೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಪಕ್ಕದಲ್ಲಿ ಅಕ್ಕ ಬಲು ನೆಮ್ಮದಿಯಿಂದ, "ಚೆನ್ನಾಗದೆ" ಎಂದಳು. ಭಾವ ಅರ್ಧ ಮುದ್ದೆ ಬಿಟ್ಟು ಎದ್ದರು.

ಉಮ್ಮತ್ತೂರಾಯಿತು, ಚಂದಕವಾಡಿಯಾಯಿತು. ಕಡೆಗೆ ಚಾಮರಾಜನಗರದಲ್ಲೇ 'ಅಪ್ಪಟ ಇಟಲಿ ರುಚಿ' ಎಂದು ಬೋರ್ಡು ಹಾಕಿದ್ದ ಹೊಸ ಪಿಜ್ಜಾ ಅಂಗಡಿ. ಪನೀರು, ಹಸಿಮೆಣಸಿನಕಾಯಿ ಹೊದ್ದು ಬಂದ ಪಿಜ್ಜಾವನ್ನು ನೋಡಿ ಭಾವ ಮಾಲೀಕನನ್ನು ಕರೆದರು. "ಇಟಲಿಗೆ ಓಗಿದ್ದಿರಾ?" "ಇಲ್ಲ ಸಾರ್, ಊಟಿಗೆ ಓಗಿದ್ದೆ." ಅಕ್ಕ ಮಾತ್ರ, "ಚೆನ್ನಾಗದೆ" ಎಂದಳು.

"ಹಂಗಾರೆ ಮೂಲಕ್ಕೇ ಓಗ್ಬುಡನ!" ಎಂದರು ಭಾವ. ಹುಡುಗಾಟವಲ್ಲ, ಒಂದು ಪ್ರವಾಸಿ ತಂಡಕ್ಕೆ ಹೆಸರು ಬರೆಸಿಯೇಬಿಟ್ಟರು. ಇಂಗ್ಲಿಷ್ ಟೀಚರ್ ಎಂಬ ತಪ್ಪಿಗೆ ನನ್ನನ್ನೂ ಸೇರಿಸಿದರು. ಅಲ್ಲಿ ನನ್ನ ಇಂಗ್ಲಿಷ್ ಕೇಳಿದವರೆಲ್ಲ ನಕ್ಕು ಇಟಾಲಿಯನ್ನಿನಲ್ಲಿ ಉತ್ತರ ಕೊಟ್ಟರು, ಆ ಮಾತು ಬೇರೆ.

ಪ್ರವಾಸದವರ ಸಿದ್ಧಾಂತವೋ, ಭಾವನದಕ್ಕೆ ನೇರ ತದ್ವಿರುದ್ಧ. ಇಟಲಿಯದೊಂದು ಅಗುಳೂ ಬಾಯಿಗೆ ಸೋಕದಂತೆ ನಮ್ಮನ್ನು ಇಟಲಿ ತಿರುಗಿಸುವುದು! ರೋಮಿನಲ್ಲಿ ಜೀರಾ ರೈಸು, ವೆನಿಸ್ಸಿನಲ್ಲಿ ಜೀರಾ ರೈಸು. ಜೊತೆಯವರು ಚಟ್ನಿಪುಡಿಯ ಡಬ್ಬಿ ಬಿಚ್ಚಿ, "ಊಟ ನಮ್ಮನೇ ಥರಾನೇ ಇದೆ" ಎಂದು ಸಂಭ್ರಮಿಸುತ್ತಿದ್ದರು. ಮನೆಯ ಥರಾನೇ ಬೇಕಿದ್ದರೆ ಮನೆ ಏನು ಓಡಿಹೋಗುತ್ತಿತ್ತೇ?

ಐದನೆಯ ದಿನ ಪೆರೂಜಾ. ಗುಡ್ಡದ ಮೇಲಿನ ಪುರಾತನ ಊರು, ಕಲ್ಲಿನ ಕಮಾನುಗಳು, ಎತ್ತ ನೋಡಿದರೂ ಮೆಟ್ಟಿಲು. ಒಂದೂವರೆ ಗಂಟೆ ಸುತ್ತಾಡಿ ಬಂದರೆ ಬಸ್ಸಿನಲ್ಲಿ ಚಿತ್ರಾನ್ನದ ಪೊಟ್ಟಣ ಎಂದರು ಪ್ರವಾಸದವರು. ಆ ಮಾತು ಮುಗಿಯುವ ಮೊದಲೇ ಭಾವ ಅಕ್ಕನ ಕೈ ಹಿಡಿದು ಒಂದು ಗಲ್ಲಿಗೆ ಇಳಿದಾಗಿತ್ತು. ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕನ ಮುಂದೆ ನಿಂತು, ಬಾಯಿಗೆ ತುತ್ತಿಡುವಂತೆ ಕೈ ಮಾಡಿ, ಅವನತ್ತ ಬೆರಳು ತೋರಿಸಿ, "ನೀವು? ಎಲ್ಲಿ?" ಎಂದು ಅಚ್ಚಕನ್ನಡದಲ್ಲಿ ಕೇಳಿದರು. ಬೇಗೂರಿನ ಉಪಾಯ ಪೆರೂಜಾದಲ್ಲೂ ನಡೆಯಿತು! ಮುದುಕ ನಗುತ್ತಾ ಎದ್ದು, ನೆಲಮಾಳಿಗೆಯಂಥ ಒಂದು ಊಟದ ಮನೆಗೆ ಕರೆದುಕೊಂಡು ಹೋದ. ಬೋರ್ಡೇ ಇರಲಿಲ್ಲ. ಭಾವನ ಮುಖ ಅರಳಿತು.

ಅಡುಗೆಯವಳು ನಮ್ಮಮ್ಮನ ವಯಸ್ಸಿನವಳು. ನಾವು ಶಿವಪೂಜೆಯ ಮನೆಯವರು, ಮಾಂಸ ಮುಟ್ಟುವುದಿಲ್ಲ ಎಂದು ಅವಳಿಗೆ ತಿಳಿಸುವುದು ಹೇಗೆ? ಭಾವ "ಮೇ" ಎಂದು ಕೂಗಿ ಬೇಡವೆಂದು ಕೈಯಾಡಿಸಿದರು, "ಕೊಕ್ಕೊಕ್ಕೋ" ಎಂದು ಕೂಗಿ ಕೈಯಾಡಿಸಿದರು. ಊಟ ಮಾಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಬಿಸಿಬಿಸಿ ಕಾಳಿನ ಸಾರು, ದಪ್ಪ ದಪ್ಪ ಬ್ರೆಡ್ಡು ತಂದಿಟ್ಟಳು. ಭಾವ ತಾವು ಮುಟ್ಟಲಿಲ್ಲ, ಅಕ್ಕನ ಬಾಯನ್ನೇ ನೋಡುತ್ತಾ ಕೂತರು.

ಅಕ್ಕ ಎರಡು ಚಮಚ ಸಾರು ಕುಡಿದಳು. ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು.

"ಕಾಳಿಗೇನೋ ಉಪ್ಪು ಸರಿಯಾಗದೆ. ಬ್ರೆಡ್ಡಿಗೆ ಹಾಕೋದ್ನೇ ಮರ್ತವ್ಳಲ್ಲ ಈಯಮ್ಮ! ಒಂಚೂರೂ ಚೆನ್ನಾಗಿಲ್ಲ."

ಆ ಕಡೆ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲವೆಂದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಕೇಳಿಸಿದ್ದು 'ಚೆನ್ನಾಗಿಲ್ಲ' ಎಂಬುದೊಂದೇ. ಏನು ಹೇಳಿದೆನೆಂದು ಅಕ್ಕನಿಗೂ ಹೊಳೆಯಿತು. ತುತ್ತು ಬಾಯಲ್ಲಿದ್ದ ಹಾಗೆಯೇ ಭಾವನನ್ನು ನೋಡಿದಳು. ಭಾವ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸಾರು ಸುಟ್ಟಿತೇನೋ ಎಂದು ಆ ಮುದುಕಿ ಗಾಬರಿಯಿಂದ ನೀರು ತಂದಳು.

"ಇನ್ನೂ ಯೋಳು" ಎಂದರು ಭಾವ, ಟವೆಲಿನೊಳಗಿಂದಲೇ. "ಇನ್ನೇನೇನ್ ಚೆನ್ನಾಗಿಲ್ಲ, ಎಲ್ಲಾನೂ ಯೋಳು."

ಬಸ್ಸಿನವರು ಫೋನು ಮಾಡುತ್ತಲೇ ಇದ್ದರು, ನಾನು ಎತ್ತಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು, ಕಾಳು ಅತಿಯಾಗಿ ಬೆಂದಿದೆ, ಎಣ್ಣೆ ಜಾಸ್ತಿಯಾಗಿದೆ, ಬೆಳ್ಳುಳ್ಳಿ ಸಾಲದು ಎಂದು ಒಂದೊಂದೇ ಹುಳುಕು ಹೇಳುತ್ತಾ ತಟ್ಟೆ ಖಾಲಿ ಮಾಡಿದಳು.